ಟಿಪ್ಸಿಗೆ ರಸೀದಿ ಎಲ್ಲಿ?

ದುಡ್ಡು ಇಸ್ಕೊಳ್ಳುವವರು ಏನೂ ಕೇಳುವುದಿಲ್ಲ. ಕೊಡುವವರದ್ದೇ ನೂರೆಂಟು ಪ್ರಶ್ನೆ. ನಾನು ದಾವಣಗೆರೆಯಲ್ಲಿ ಔಷಧಿ ಕಂಪನಿಯೊಂದರ ರೆಪ್. ಬೆಳಗಾದರೆ ಬೈಕು, ಬ್ಯಾಗು, ಡಾಕ್ಟರ ಬಾಗಿಲು. ಓಡಾಟಕ್ಕೆ ಕಿಲೋಮೀಟರಿಗೆ ಇಷ್ಟು ಅಂತ ಕಂಪನಿ ಕೊಡುತ್ತದೆ. ಕೊಡುವ ಮುಂಚೆ ಜೀವ ಹಿಂಡುತ್ತದೆ, ಅದು ಬೇರೆ ಮಾತು.

ತಿಂಗಳ ಕೊನೆಗೆ ಟಿಎ ಬಿಲ್ಲು, ಅಂದರೆ ಓಡಾಟದ ಲೆಕ್ಕ, ಕಳಿಸಿದ ಕೂಡಲೇ ಬೆಂಗಳೂರಿನಿಂದ ಅಕೌಂಟ್ಸ್ ಮೇಡಂ ಫೋನು. "ಹರಿಹರಕ್ಕೆ ಮ್ಯಾಪಲ್ಲಿ 14 ಕಿಲೋಮೀಟರ್ ತೋರಿಸ್ತಿದೆ. ಹೋಗಿ ಬಂದಿದ್ದಕ್ಕೆ 41 ಹಾಕಿದ್ದೀರಲ್ಲ ಸರ್?"

ಮ್ಯಾಪ್ ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ಡಾಕ್ಟರು ಗೊತ್ತಿಲ್ಲ. ಹನ್ನೊಂದಕ್ಕೆ ಬನ್ನಿ ಅಂದವರು ಹನ್ನೊಂದಕ್ಕೆ ಆಪರೇಷನ್ನಿನಲ್ಲಿರುತ್ತಾರೆ. ಸುಮ್ನೆ ಕೂರುವುದೇಕೆ ಅಂತ ಊರಿನ ಆ ತುದಿಯ ಮೆಡಿಕಲ್ ಶಾಪಿಗೆ ಹೋಗಿ ಸ್ಟಾಕ್ ನೋಡುತ್ತೇನೆ. ವಾಪಸ್ ಬರುವಷ್ಟರಲ್ಲಿ ಡಾಕ್ಟರು ಊಟಕ್ಕೆ ಮನೆಗೆ. ಅವರ ಮನೆ ಗೇಟಿನಲ್ಲಿ ನಿಂತರೆ, ಈಗ ತಾನೇ ಆಸ್ಪತ್ರೆಗೆ ಹೋದರು ಅನ್ನುತ್ತಾರೆ. ಇದೆಲ್ಲ ಬೈಕಿನ ಮೀಟರಿಗಷ್ಟೇ ಗೊತ್ತು. "ಹಾಗಾದ್ರೆ ಮೀಟರ್ ಫೋಟೋ ಹಾಕಿ" ಅಂದರು. ಹಾಕಿದೆ. ಮೀಟರ್ ಗಾಜಿನಲ್ಲಿ ನನ್ನ ಹೆಲ್ಮೆಟ್ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಇನ್ನು ಹರಿಹರ ನಮ್ಮ ಭಾಷೆಯಲ್ಲಿ ಎಕ್ಸ್-ಸ್ಟೇಷನ್. ರಾತ್ರಿ ಮನೆಗೆ ಬಂದು ಬೀಳಲೇಬೇಕು. ಚಿತ್ರದುರ್ಗದಲ್ಲಿ ಉಳಿದರೆ ಅದು ಔಟ್‌ಸ್ಟೇಷನ್, ಭತ್ಯೆ ಜಾಸ್ತಿ. ಆದರೆ ಲಾಡ್ಜಿನ ಬಿಲ್ಲು ಬೇಕು. ಅಲ್ಲೇ ಇರುವ ಭಾವನ ಮನೆಯಲ್ಲಿ ಮಲಗಿದರೆ ಬಿಲ್ಲು ಯಾರು ಕೊಡುತ್ತಾರೆ?

ಒಂದು ಸಮಾಧಾನ ಇದೆ. ಡ್ಯೂಟಿಯ ಓಡಾಟಕ್ಕೆ ಕೊಟ್ಟು, ಅದಕ್ಕೇ ಖರ್ಚಾದ ದುಡ್ಡಿಗೆ ಆದಾಯ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲೂ ಇಲ್ಲ. ಮನೆಯಿಂದ ಆಫೀಸಿಗೆ ಹೋಗುವುದು ಮಾತ್ರ ಡ್ಯೂಟಿ ಅಲ್ಲ. ಅದು ನಮ್ಮ ಕರ್ಮ.

ಸಂಬಳದ ಸ್ಲಿಪ್ಪಿನಲ್ಲಿ ನನಗೆ ಇಷ್ಟವಾದ ಸಾಲು ವೃತ್ತಿ ತೆರಿಗೆಯದ್ದು. ತಿಂಗಳಿಗೆ 200 ರೂಪಾಯಿ. ವರ್ಷಕ್ಕೆ 2,500 ರೂಪಾಯಿಯವರೆಗೆ ವಸೂಲಿ ಮಾಡಲು ಸಂವಿಧಾನದಲ್ಲಿ ಅವಕಾಶ ಇದೆ. ಹನ್ನೆರಡು ತಿಂಗಳಿಗೆ ಆಗುವುದು 2,400. ಉಳಿದ ನೂರನ್ನು ಬಿಡಲು ಮನಸ್ಸು ಬರುತ್ತದಾ? 2025ರ ಏಪ್ರಿಲ್‌ನಿಂದ ನಿಯಮ ಬದಲಾಯಿತು, ಫೆಬ್ರವರಿಯಲ್ಲಿ ಮಾತ್ರ 300. ಇರುವುದರಲ್ಲೇ ಚಿಕ್ಕ ತಿಂಗಳು, ಅದಕ್ಕೇ ಜಾಸ್ತಿ ತೆರಿಗೆ!

ಮೊನ್ನೆ ನಮ್ಮ ಔಷಧಿಯ ಸಗಟು ವ್ಯಾಪಾರಿ, ಅಂದರೆ ಸ್ಟಾಕಿಸ್ಟ್ ಒಬ್ಬರಿಗೆ ಬೆಣ್ಣೆದೋಸೆ ತಿನ್ನಿಸಿದೆ. ಬಿಲ್ಲಿನಲ್ಲಿ ಕೇಂದ್ರಕ್ಕೆ ಎರಡೂವರೆ ಪರ್ಸೆಂಟ್, ರಾಜ್ಯಕ್ಕೆ ಎರಡೂವರೆ ಪರ್ಸೆಂಟ್ ಜಿಎಸ್‌ಟಿ. ಸಪ್ಲೈಯರ್‌ಗೆ ಸೋಂಪಿನ ತಟ್ಟೆಯಲ್ಲಿ ನಾನೇ ಇಟ್ಟ ಇಪ್ಪತ್ತು ರೂಪಾಯಿ. ದೊಡ್ಡ ಊರಿನ ಹೋಟೆಲುಗಳಲ್ಲಿ ಈ ತಟ್ಟೆಗೆ ಕಾಯುವುದಿಲ್ಲ, ಸರ್ವಿಸ್ ಚಾರ್ಜ್ ಅಂತ ಬಿಲ್ಲಿಗೇ ಸೇರಿಸಿಬಿಡುತ್ತಾರೆ. ಹಾಗೆ ಸೇರಿಸುವಂತಿಲ್ಲ ಅಂತ 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟೂ ಹೌದು ಅಂದಿದೆ. ಆದರೂ ಜೊತೆಗೆ ಬಂದವರ ಎದುರು ಇದನ್ನು ಓದಿ ಹೇಳುವ ಧೈರ್ಯ ಎಷ್ಟು ಜನಕ್ಕಿದೆ?

ಇರಲಿ. ಆ ಇಪ್ಪತ್ತನ್ನೂ ಬಿಲ್ಲಿನ ಜೊತೆ ಬರೆದು ಕಳಿಸಿದೆ. ಮೇಡಂ ಉತ್ತರ ಒಂದೇ ಸಾಲು: "ಟಿಪ್ಸಿಗೆ ರಸೀದಿ ಲಗತ್ತಿಸಿಲ್ಲ."

ಮಾರನೇ ದಿನ ಅದೇ ಹೋಟೆಲಿಗೆ ಹೋದೆ. ಸಪ್ಲೈಯರ್ ಬಹಳ ಒಳ್ಳೆಯವನು. ಬಿಲ್ಲಿನ ಹಿಂದೆ 'ಇಪ್ಪತ್ತು ರೂಪಾಯಿ ಮುಟ್ಟಿದೆ' ಅಂತ ಮುದ್ದಾಗಿ ಬರೆದ. ನಾನು ಖುಷಿಯಿಂದ ಇನ್ನೊಂದಿಪ್ಪತ್ತು ಕೊಡಲು ಮೊಬೈಲ್ ತೆಗೆದೆ.

"ಸ್ಕ್ಯಾನ್ ಬ್ಯಾಡ ಸಾರ್, ನೋಟೇ ಕೊಡ್ರಿ. ನೋಟಿಸ್ ಬರ್ತದಂತೆ."

2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆ ಹೆದರಿಕೆ ಇವನಿಗೆ ಇನ್ನೂ ಇಳಿದಿಲ್ಲ. ಅದು ವರ್ಷಕ್ಕೆ 40 ಲಕ್ಷ ದಾಟಿದ ವ್ಯಾಪಾರದ ಮಾತು. ಇವನ ಟಿಪ್ಸ್ ಅಷ್ಟಾಗಬೇಕಾದರೆ ಇಡೀ ದಾವಣಗೆರೆ ಮೂರು ಹೊತ್ತೂ ದೋಸೆ ತಿನ್ನಬೇಕು. ನೋಟು ಕೊಟ್ಟೆ. ಜೇಬಿಗೆ ಹಾಕಿಕೊಂಡು ಕೇಳಿದ, "ಟಿಪ್ಸಿಗೂ ಟ್ಯಾಕ್ಸ್ ಐತಾ ಸಾರ್?"

ಗೊತ್ತಿದ್ದನ್ನು ಹೇಳದೆ ಇರಲು ನನ್ನಿಂದಾಗಲಿಲ್ಲ. ಗಿರಾಕಿ ಕೊಟ್ಟ ಟಿಪ್ಸ್ ಸಂಬಳ ಅಲ್ಲ, ಮಾಲೀಕರು ಅದಕ್ಕೆ ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿಯಬೇಕಿಲ್ಲ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದೂ ಆದಾಯವೇ, ಇತರೆ ಆದಾಯದಲ್ಲಿ ನೀನೇ ತೋರಿಸಬೇಕು ಅಂದೆ. ನಿನ್ನ ಆದಾಯಕ್ಕೆ ತೆರಿಗೆ ಬರುವುದಿಲ್ಲ ಮಾರಾಯ ಅನ್ನುವಷ್ಟರಲ್ಲಿ ಅವನು ಚೀಟಿ ಕಸಿದು ಹರಿದುಬಿಟ್ಟ.

"ನೀವು ಕೊಟ್ಟೂ ಇಲ್ಲ, ನಾನು ಇಸ್ಕಂಡೂ ಇಲ್ಲ, ಬಿಡ್ರಿ ಸಾರ್" ಅಂದ. ನೋಟು ಮಾತ್ರ ಅವನ ಜೇಬಿನಲ್ಲೇ ಇತ್ತು.