ಅರ್ಧ ಟ್ಯಾಂಕಿನ ಮನುಷ್ಯರು

ಪಿಕಪ್ ವಾಹನದ ವಿವರಪಟ್ಟಿಯಲ್ಲಿ ಸಂಖ್ಯೆಗಳಿಗೆ ಬರವಿಲ್ಲ. ಎಂಜಿನ್ನಿನ ಶಕ್ತಿ ಇಷ್ಟು, ಎಳೆಯಬಲ್ಲ ತೂಕ ಇಷ್ಟು, ಹಿಂದಿನ ತೊಟ್ಟಿಯ ಉದ್ದ ಇಷ್ಟು ಎಂದು ದಪ್ಪಕ್ಷರಗಳಲ್ಲಿ ಸಾರುವ ಆ ಪಟ್ಟಿಯ ತಳದಲ್ಲೆಲ್ಲೋ, ಯಾವ ಜಂಬವೂ ಇಲ್ಲದೆ, ಇಂಧನ ಟ್ಯಾಂಕ್ ಎಷ್ಟು ಲೀಟರಿನದು ಎಂಬ ಒಂದು ಸಾಲು ಇರುತ್ತದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ತೀರ ಪ್ರಾಮಾಣಿಕವಾದ ಸಾಲು ಅದೇ. 80 ಲೀಟರ್ ಎಂದರೆ 80 ಲೀಟರ್. ಏರಿನಲ್ಲಿ ಅದು ಕುಗ್ಗುವುದಿಲ್ಲ, ಇಳಿಜಾರಿನಲ್ಲಿ ಹಿಗ್ಗುವುದಿಲ್ಲ. ಆದರೆ ಕೊಳ್ಳಲು ಬಂದವರು ಲೀಟರಿನ ಲೆಕ್ಕ ಕೇಳುವುದು ಅಪರೂಪ. ಒಮ್ಮೆ ಟ್ಯಾಂಕ್ ಫುಲ್ ಮಾಡಿಸಿದರೆ ಎಷ್ಟು ದೂರ ಹೋಗಬಹುದು ಎಂಬುದೇ ಅವರ ಪ್ರಶ್ನೆ. ಮಾರುವವರು ಲೀಟರನ್ನು ಮೈಲೇಜಿನಿಂದ ಗುಣಿಸಿ ಉತ್ತರ ಕೊಟ್ಟುಬಿಡುತ್ತಾರೆ. ಆ ಗುಣಾಕಾರದಲ್ಲಿ ಸೇರದೆ ಉಳಿದುಹೋಗುವ ಮೂರನೆಯ ಅಂಶವೊಂದಿದೆ. ಅದು ಸ್ಟಿಯರಿಂಗ್ ಹಿಡಿದು ಕುಳಿತವನ ಸ್ವಭಾವ. ಮುಳ್ಳು ಅರ್ಧಕ್ಕೆ ಇಳಿದ ಕೂಡಲೇ ಬಂಕ್ ಹುಡುಕುವವರಿದ್ದಾರೆ, ಕೆಂಪು ದೀಪ ಹೊತ್ತಿದ ಮೇಲೂ ಎರಡು ಬಂಕುಗಳನ್ನು ನಿರಾಳವಾಗಿ ದಾಟಿ ಹೋಗುವವರೂ ಇದ್ದಾರೆ. ಒಂದೇ ವಾಹನ ಮೊದಲನೆಯವರ ಕೈಯಲ್ಲಿ ಹೋಗುವ ದೂರದ ಎರಡರಷ್ಟನ್ನು ಎರಡನೆಯವರ ಕೈಯಲ್ಲಿ ಹೋಗುತ್ತದೆ.

ಈ ಆತಂಕ ಪಿಕಪ್ಪಿನಷ್ಟೇ ಹಳೆಯದು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಕಾರ್ಖಾನೆಯಲ್ಲಿಯೇ ತೊಟ್ಟಿ ಕೂಡಿಸಿ ಮಾರತೊಡಗಿದಾಗ, ಅದರ ಟ್ಯಾಂಕ್ ಹಿಡಿಯುತ್ತಿದ್ದುದು 10 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 38 ಲೀಟರ್. ಟ್ಯಾಂಕ್ ಇದ್ದದ್ದು ಚಾಲಕನ ಸೀಟಿನ ಕೆಳಗೆ. ಡ್ಯಾಶ್‌ಬೋರ್ಡಿನಲ್ಲಿ ಇಂಧನ ತೋರಿಸುವ ಮುಳ್ಳು ಇರಲಿಲ್ಲವಾದ್ದರಿಂದ, ಪೆಟ್ರೋಲ್ ಎಷ್ಟಿದೆಯೆಂದು ತಿಳಿಯಬೇಕಾದರೆ ಗಾಡಿ ನಿಲ್ಲಿಸಿ, ಎದ್ದು, ಸೀಟನ್ನು ಎತ್ತಿ, ಒಳಗೆ ಕಡ್ಡಿ ಇಳಿಬಿಟ್ಟು ನೋಡಬೇಕಾಗಿತ್ತು. ಪಂಪು ಕೂಡ ಇರಲಿಲ್ಲ; ಪೆಟ್ರೋಲ್ ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿದು ಬರಬೇಕಿತ್ತು. ಹೀಗಾಗಿ ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿರುವಾಗ ಕಡಿದಾದ ಏರು ಎದುರಾದರೆ ಎಂಜಿನ್ ಮೇಲಾಗಿ ಟ್ಯಾಂಕ್ ಕೆಳಗಾಗಿ, ಪೆಟ್ರೋಲ್ ಮುಂದಕ್ಕೆ ಹರಿಯುವುದೇ ನಿಂತುಬಿಡುತ್ತಿತ್ತು. ಅದಕ್ಕೆ ಚಾಲಕರು ಕಂಡುಕೊಂಡ ಉಪಾಯವೆಂದರೆ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತಿಸುವುದು. ಅರ್ಧ ಟ್ಯಾಂಕಿಗೇ ಬಂಕಿಗೆ ಓಡುವವರ ಪೂರ್ವಜರು ಹೀಗೆ ಹಿಂದುಹಿಂದಾಗಿ ಗುಡ್ಡ ಹತ್ತಿ ಬುದ್ಧಿ ಕಲಿತವರೇ ಇರಬೇಕೆಂದು ನನ್ನ ಗುಮಾನಿ.

ಮುಂದೆ ಪಂಪು ಬಂತು, ಮುಳ್ಳು ಬಂತು, ಟ್ಯಾಂಕ್ ದೊಡ್ಡದಾಯಿತು. ದೊಡ್ಡದಾದ ಟ್ಯಾಂಕನ್ನು ಎಲ್ಲಿಡಬೇಕು ಎಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. 1970ರ ದಶಕದ ಆರಂಭದವರೆಗೂ ಅನೇಕ ಅಮೆರಿಕನ್ ಪಿಕಪ್ಪುಗಳಲ್ಲಿ ಟ್ಯಾಂಕ್ ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ ತಾಗಿಕೊಂಡೇ ಇರುತ್ತಿತ್ತು. ಅಷ್ಟು ಪೆಟ್ರೋಲನ್ನು ಬೆನ್ನಿಗೆ ಕಟ್ಟಿಕೊಂಡು, ಪಕ್ಕದಲ್ಲಿ ಸಿಗರೇಟು ಹಚ್ಚಿದವರನ್ನೂ ಕೂರಿಸಿಕೊಂಡು ಓಡಾಡುತ್ತಿದ್ದ ಕಾಲ ಅದು. ಬಳಿಕ ಜನರಲ್ ಮೋಟಾರ್ಸ್ ಟ್ಯಾಂಕುಗಳನ್ನು ಚಾಸಿಯ ಹೊರಮಗ್ಗುಲಿಗೆ ತೂಗುಹಾಕಿತು. 1973ರಿಂದ 1987ರವರೆಗೆ ಹಾಗೆ ತಯಾರಾದ ಪಿಕಪ್ಪುಗಳು, ಪಕ್ಕದಿಂದ ಡಿಕ್ಕಿಯಾದರೆ ಬೆಂಕಿ ಹೊತ್ತಿಕೊಳ್ಳುತ್ತವೆಂಬ ಆರೋಪಕ್ಕೂ ದೀರ್ಘ ವ್ಯಾಜ್ಯಗಳಿಗೂ ಗುರಿಯಾದವು. ಇಂದು ಸಾಮಾನ್ಯವಾಗಿ ಟ್ಯಾಂಕ್ ಚಾಸಿಯ ಎರಡು ತೊಲೆಗಳ ನಡುವೆ, ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ಪಕ್ಕದಲ್ಲಿ, ಉದ್ದಕ್ಕೆ ಮಲಗಿರುತ್ತದೆ.

ಆ ನಡುವಿನ ಕಾಲದ ಒಂದು ಸೌಕರ್ಯ ಮರೆಯಾದದ್ದು ನನಗೆ ಬೇಸರದ ಸಂಗತಿ. ಆಗಿನ ಎಷ್ಟೋ ಪಿಕಪ್ಪುಗಳಿಗೆ ಎರಡು ಟ್ಯಾಂಕುಗಳಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ಚು, ಒಂದು ಖಾಲಿಯಾದರೆ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವುದಕ್ಕೆ. ಎರಡು ಟ್ಯಾಂಕುಗಳ ಒಟ್ಟು ಲೀಟರನ್ನು ಒಂದೇ ಟ್ಯಾಂಕಿನಲ್ಲಿ ತುಂಬಿದರೂ ದೂರ ಅಷ್ಟೇ ಬರುತ್ತದೆ ಎಂಬುದು ಗಣಿತ. ಮನಸ್ಸಿನ ಲೆಕ್ಕ ಬೇರೆ. ಎರಡನೆಯದು ತುಂಬಿದೆಯೆಂಬ ಧೈರ್ಯವಿದ್ದಾಗ ಎಂಥ ಅಂಜುಕುಳಿಯೂ ಮೊದಲನೆಯದನ್ನು ಕೊನೆಯ ಹನಿಯವರೆಗೆ ಓಡಿಸುತ್ತಾನೆ. ಟ್ಯಾಂಕಿನ ತಳಭಾಗವನ್ನು ಜನರು ಭಯವಿಲ್ಲದೆ ಬಳಸಿದ್ದು ಬಹುಶಃ ಆ ಕಾಲದಲ್ಲಿ ಮಾತ್ರ.

ಇಂದಿನ ಗಾತ್ರಗಳು ನೋಡಲು ಭರ್ಜರಿಯಾಗಿಯೇ ಇವೆ. ಜಗತ್ತಿನ ಬಹುಭಾಗದಲ್ಲಿ ಓಡಾಡುವ ಟೊಯೊಟಾ ಹೈಲಕ್ಸ್‌ನದು 80 ಲೀಟರ್. ಫೋರ್ಡ್ ಎಫ್-150ರಲ್ಲಿ ಆಯ್ಕೆಗೆ ತಕ್ಕಂತೆ 23 ಗ್ಯಾಲನ್ನಿನಿಂದ 36 ಗ್ಯಾಲನ್ನಿನವರೆಗೆ, ಎಂದರೆ 87ರಿಂದ 136 ಲೀಟರಿನವರೆಗೆ ಸಿಗುತ್ತದೆ. ಅದೇ ಕಂಪನಿಯ ಭಾರದ ಕೆಲಸದ ಸೂಪರ್ ಡ್ಯೂಟಿಯಲ್ಲಿ 48 ಗ್ಯಾಲನ್ನಿನ ಟ್ಯಾಂಕೂ ಉಂಟು. ಅದು ಹೆಚ್ಚುಕಡಿಮೆ 182 ಲೀಟರ್. ಅಷ್ಟು ಡೀಸೆಲ್ ತುಂಬಿಸಿಕೊಂಡರೆ 150 ಕಿಲೋಗ್ರಾಮಿಗೂ ಹೆಚ್ಚು ತೂಕವಾಗುತ್ತದೆ. ಲೀಟರಿಗೆ ಮುಕ್ಕಾಲು ಕಿಲೋಗ್ರಾಮ್ ತೂಗುವ ಪೆಟ್ರೋಲಿನಲ್ಲಿಯೂ 136 ಲೀಟರ್ ಎಂದರೆ ಸುಮಾರು 100 ಕಿಲೋಗ್ರಾಮ್. ಒಬ್ಬ ಸ್ಥೂಲಕಾಯದ ಪ್ರಯಾಣಿಕ ಚಾಸಿಯ ಕೆಳಗೆ ಸದಾ ಮಲಗಿದ್ದಂತೆ.

ಇಷ್ಟು ದೊಡ್ಡ ಟ್ಯಾಂಕ್ ಏಕೆ ಬೇಕು ಎಂದರೆ, ಪಿಕಪ್ ಬರಿದಾಗಿ ಓಡಾಡಲು ಹುಟ್ಟಿದ ಗಾಡಿಯಲ್ಲ. ಲೀಟರಿಗೆ ಎಂಟೂವರೆ ಕಿಲೋಮೀಟರ್ ಕೊಡುವ ಗಾಡಿ 136 ಲೀಟರಿನಲ್ಲಿ 1,150 ಕಿಲೋಮೀಟರ್ ಹೋಗಬಲ್ಲದು. ಅದರ ಹಿಂದೆ ಎತ್ತರವಾದ ಟ್ರೇಲರ್ ಒಂದನ್ನು ಸಿಕ್ಕಿಸಿದರೆ ಮೈಲೇಜು ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಆಗ ದೂರವೂ 570ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದಕ್ಕೆ ತೂಕಕ್ಕಿಂತ ದೊಡ್ಡ ಕಾರಣ ಹೆದ್ದಾರಿಯಲ್ಲಿ ಗಾಳಿಯೇ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿಲೋಮೀಟರಿನಿಂದ 120ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇಕಡ 20, ಗಾಳಿ ತಡೆಯುವ ಬಲ ಹೆಚ್ಚಿದ್ದು ಶೇಕಡ 44. ಗಾಳಿಯ ಮಾತು ಬಂದಾಗಲೆಲ್ಲ, ತೊಟ್ಟಿಯ ಹಿಂಬಾಗಿಲನ್ನು ಇಳಿಸಿಕೊಂಡು ಓಡಿಸಿದರೆ ಇಂಧನ ಉಳಿಯುತ್ತದೆ ಎಂದು ಹೇಳುವ ಜಾಣರೊಬ್ಬರು ಇದ್ದೇ ಇರುತ್ತಾರೆ. ವಾಸ್ತವದಲ್ಲಿ ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನಿಂತು, ಮೇಲಿನಿಂದ ಬರುವ ಗಾಳಿ ಅದರ ಮೇಲೆ ನುಣುಪಾಗಿ ಜಾರಿಹೋಗುತ್ತದೆ. ಬಾಗಿಲು ತೆರೆದವರು ಆ ಸುಳಿಯನ್ನು ಕೆಡಿಸಿದ್ದಲ್ಲದೆ ಸಾಮಾನನ್ನೂ ರಸ್ತೆಗೆ ಬೀಳಿಸಿಕೊಳ್ಳುತ್ತಾರೆ.

ದೂರ ನಿಜವಾಗಿಯೂ ಹೆದರಿಸುವ ರಸ್ತೆಗಳೂ ಇವೆ ಎಂಬುದನ್ನು ಒಪ್ಪಬೇಕು. ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫುಟ್ ಬಿಟ್ಟ ಮೇಲೆ ಡೆಡ್‌ಹಾರ್ಸ್ ತಲಪುವವರೆಗಿನ 240 ಮೈಲಿ, ಎಂದರೆ ಸುಮಾರು 386 ಕಿಲೋಮೀಟರಿನಲ್ಲಿ, ಒಂದು ಬಂಕೂ ಇಲ್ಲ. ಅಲ್ಲಿ ಅರ್ಧ ಟ್ಯಾಂಕಿನ ಮನುಷ್ಯರೇ ವಿವೇಕಿಗಳು. ಆದರೆ ಅವರಲ್ಲಿ ಬಹುಪಾಲು ಮಂದಿ ಡಾಲ್ಟನ್ ಹೆದ್ದಾರಿಯನ್ನು ಕನಸಿನಲ್ಲಿಯೂ ಕಂಡವರಲ್ಲ. ಐದು ಕಿಲೋಮೀಟರಿಗೊಂದು ಬಂಕ್ ಇರುವ ರಸ್ತೆಯಲ್ಲಿಯೇ ಅವರ ಎದೆ ಡವಗುಟ್ಟುತ್ತದೆ.

ಈ ಭಯವನ್ನು ಬೆಳೆಸುವುದರಲ್ಲಿ ಮುಳ್ಳಿನ ಪಾಲು ದೊಡ್ಡದು. ಟ್ಯಾಂಕಿನೊಳಗೆ ತೇಲುವ ಒಂದು ಗುಂಡು, ಅದಕ್ಕೆ ಅಂಟಿದ ತೋಳು, ತೋಳು ಏರಿಳಿದಂತೆ ಬದಲಾಗುವ ವಿದ್ಯುತ್ ರೋಧ. ಇಷ್ಟೇ ಅದರ ಯಂತ್ರ. ಮೂತಿಯವರೆಗೆ ತುಂಬಿಸಿದಾಗ ಗುಂಡು ತನ್ನ ಮೇಲಿನ ಎಲ್ಲೆಯನ್ನು ಆಗಲೇ ತಲಪಿರುವುದರಿಂದ, ಸಾಕಷ್ಟು ಇಂಧನ ಖರ್ಚಾಗುವವರೆಗೂ ಮುಳ್ಳು ‘ಎಫ್’ ಅಕ್ಷರವನ್ನು ಬಿಟ್ಟು ಕದಲುವುದಿಲ್ಲ. ಟ್ಯಾಂಕಿನ ಆಕಾರವೋ ಚಾಸಿ, ಶಾಫ್ಟು, ಕೊಳವೆಗಳ ನಡುವೆ ಸಿಕ್ಕಿದ ಜಾಗಕ್ಕೆ ಹೊಂದಿಕೊಂಡದ್ದು. ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಮಟ್ಟ ಕೆಳಗಿಳಿದಷ್ಟೂ ಬೇಗ ಬೇಗ ಇಳಿಯುತ್ತದೆ. ಹೀಗಾಗಿ ಬೇಸಿಗೆ ರಜೆಯಂತೆ ಮೊದಲರ್ಧ ಮುಗಿಯುವುದೇ ಇಲ್ಲ, ಉಳಿದರ್ಧ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುತ್ತದೆ. ಉದ್ದನೆಯ ಟ್ಯಾಂಕಿನಲ್ಲಿ ಇಂಧನ ಹಿಂದಕ್ಕೂ ಮುಂದಕ್ಕೂ ತುಳುಕಿ ಮುಳ್ಳು ಕುಣಿಯಬಾರದೆಂದು ಒಳಗೆ ಅಡ್ಡಗೋಡೆಗಳನ್ನಿಟ್ಟು, ಮುಳ್ಳಿನ ಚಲನೆಯನ್ನೂ ಬೇಕೆಂದೇ ನಿಧಾನಗೊಳಿಸಿರುತ್ತಾರೆ. ಕೊನೆಯಲ್ಲಿ ‘ಇ’ ಅಕ್ಷರ ಮುಟ್ಟಿದಾಗಲೂ ಸಾಮಾನ್ಯವಾಗಿ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಧೈರ್ಯಸ್ಥರ ಧೈರ್ಯವೆಲ್ಲ ಈ ಗುಟ್ಟಿನ ಮೇಲೆಯೇ ನಿಂತಿದೆ. ಆ ಧೈರ್ಯಕ್ಕೂ ಬೆಲೆಯುಂಟು: ಇಂದಿನ ಗಾಡಿಗಳ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು, ಸುತ್ತಲಿನ ಪೆಟ್ರೋಲಿನಿಂದಲೇ ತಂಪಾಗುತ್ತದೆ, ಪದೇ ಪದೇ ಬರಿದಾಗಿ ಓಡಿಸಿದರೆ ಅದು ಕಾದು ಕೆಡಬಹುದು, ಡೀಸೆಲ್ ಗಾಡಿಯಾದರೆ ಕೊಳವೆಗಳಿಗೆ ಗಾಳಿ ಸೇರಿಕೊಂಡು, ಡೀಸೆಲ್ ತಂದು ಸುರಿದರೂ ಏರ್ ತೆಗೆಯುವವರೆಗೆ ಎಂಜಿನ್ ಮಾತಾಡುವುದಿಲ್ಲ.

ಮುಳ್ಳಿನ ಪಕ್ಕದಲ್ಲಿ ಈಗ ಅಂಕಿಯೂ ಬಂದಿದೆ. ‘ಇನ್ನು 412 ಕಿಲೋಮೀಟರ್’ ಎಂದು ಪರದೆ ಎಷ್ಟು ಖಚಿತವಾಗಿ ಹೇಳುತ್ತದೆಂದರೆ, ಆ ಕೊನೆಯ ಎರಡನ್ನೂ ನಂಬಬೇಕೆನಿಸುತ್ತದೆ. ಇಲ್ಲಿಯವರೆಗಿನ ಮೈಲೇಜಿನ ಸರಾಸರಿಯನ್ನು ಉಳಿದ ಲೀಟರಿಗೆ ಗುಣಿಸಿದ ಊಹೆ ಅದು. ನಿನ್ನೆಯವರೆಗಿನ ರಸ್ತೆಯೇ ನಾಳೆಯೂ ಇರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಘಟ್ಟ ಇಳಿಯುವಾಗ ಓಡಿದಷ್ಟೂ ಉಳಿದ ದೂರ ಹೆಚ್ಚುತ್ತಾ ಹೋಗುವ ಸೋಜಿಗವನ್ನು ಕಾಣಬಹುದು. ಟ್ರೇಲರ್ ಸಿಕ್ಕಿಸಿ ಹೊರಟ ದಿನ ಇದಕ್ಕೆ ತದ್ವಿರುದ್ಧ: 20 ಕಿಲೋಮೀಟರ್ ಸಾಗುವಷ್ಟರಲ್ಲಿ ಪರದೆಯಲ್ಲಿ 60 ಕಿಲೋಮೀಟರ್ ಕರಗಿರುತ್ತದೆ. ಕೆಲವು ಗಾಡಿಗಳಲ್ಲಿ ತೀರ ಕೊನೆಗೆ ಅಂಕಿಯೇ ಮಾಯವಾಗಿ ಬರಿಯ ಗೀಟುಗಳು ಕಾಣಿಸುತ್ತವೆ. ಪರದೆ ಹೇಳಿದ್ದರಲ್ಲೆಲ್ಲ ಸಂಪೂರ್ಣವಾಗಿ ನಂಬಬಹುದಾದದ್ದು ಆ ಗೀಟುಗಳನ್ನೇ.

ಅಂಕಿಯ ಮೇಲೆ ನಂಬಿಕೆ ಇಲ್ಲದವರು ತೊಟ್ಟಿಯಲ್ಲಿ ಕ್ಯಾನು ಇಟ್ಟುಕೊಳ್ಳುತ್ತಾರೆ. ಮೂರು ಹಿಡಿಕೆಗಳ 20 ಲೀಟರಿನ ಲೋಹದ ಕ್ಯಾನು 1930ರ ದಶಕದಲ್ಲಿ ಜರ್ಮನಿಯ ಸೇನೆಗೆಂದು ರೂಪುಗೊಂಡು, ಶತ್ರುಗಳೂ ಮೆಚ್ಚಿ ನಕಲು ಮಾಡಿದ ವಸ್ತು. ಪಿಕಪ್ಪಿನವರು ಇದರಲ್ಲೊಂದು ಎಚ್ಚರ ವಹಿಸಬೇಕು: ತೊಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಸಿದ್ದರೆ ಕ್ಯಾನನ್ನು ಅದರ ಮೇಲೆಯೇ ಇಟ್ಟು ಇಂಧನ ತುಂಬಿಸಬಾರದು. ಇಂಧನ ಬೀಳುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತು ನೆಲಕ್ಕೆ ಹರಿಯಲು ದಾರಿಯಿಲ್ಲದೆ ಕಿಡಿಯಾಗಬಹುದು. ಕ್ಯಾನನ್ನು ನೆಲಕ್ಕಿಳಿಸಿಯೇ ತುಂಬಿಸಬೇಕು.

ಇನ್ನೂ ಸಮಾಧಾನವಾಗದವರು ಮೂಲ ಟ್ಯಾಂಕನ್ನೇ ತೆಗೆಸಿ ದೊಡ್ಡದನ್ನು ಹಾಕಿಸುತ್ತಾರೆ. ನನಗೆ ತಮಾಷೆಯೆನಿಸುವುದು ಇಲ್ಲಿಯೇ. ದೊಡ್ಡ ಟ್ಯಾಂಕಿಗೆ ಹಣ ಕೊಡುವವರು ಹೆಚ್ಚಾಗಿ ಆತಂಕದವರು. ಆತಂಕದವರು ಅರ್ಧಕ್ಕೇ ತುಂಬಿಸುವವರು. 80 ಲೀಟರಿನ ಟ್ಯಾಂಕಿನಲ್ಲಿ 40 ಬಳಸುತ್ತಿದ್ದವರು 136ರದಕ್ಕೆ ಬದಲಾದ ಮೇಲೆ 68 ಬಳಸುತ್ತಾರೆ, ಉಳಿದ 68 ಲೀಟರನ್ನು ಎಂದೂ ಮುಟ್ಟದೆ ಊರೂರು ಹೊತ್ತು ತಿರುಗುತ್ತಾರೆ. ಐವತ್ತು ಕಿಲೋಗ್ರಾಮಿನ ಆ ನಿಶ್ಚಿಂತೆಯನ್ನು ಹೊರಲು ಒಂದಿಷ್ಟು ಇಂಧನವೂ ಖರ್ಚಾಗುತ್ತದೆ. ಹಾಗೆಂದು ಅವರನ್ನು ಹಾಸ್ಯ ಮಾಡುವುದಕ್ಕೆ ನನಗೆ ಪೂರ್ತಿ ಮನಸ್ಸಿಲ್ಲ. ಮಳೆ ಸುರಿಯುವ ರಾತ್ರಿಯಲ್ಲಿ, ಹಿಂದೆ ಟ್ರೇಲರ್ ಹೊತ್ತು, ಇಕ್ಕಟ್ಟಾದ ಬಂಕಿನೊಳಗೆ ಗಾಡಿ ತಿರುಗಿಸಲು ಹೆಣಗುವ ಕಷ್ಟ ಕಂಡವರು, ನಿಲ್ಲದೆ ಸಾಗುವ ಸುಖಕ್ಕೆ ಎಷ್ಟು ಬೆಲೆಯನ್ನಾದರೂ ಕೊಟ್ಟಾರು.

ಈಗ ವಿದ್ಯುತ್ ಪಿಕಪ್ಪುಗಳು ಬಂದು ಲೀಟರಿನ ಮಾತನ್ನೇ ತೆಗೆದುಹಾಕಿವೆ. 2022ರಲ್ಲಿ ರಸ್ತೆಗಿಳಿದ ಎಫ್-150 ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ 131 ಕಿಲೋವ್ಯಾಟ್-ಗಂಟೆಯದು; ಅದರ ಅಧಿಕೃತ ದೂರ 320 ಮೈಲಿ, ಸುಮಾರು 515 ಕಿಲೋಮೀಟರ್. ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕದಂತೆ ಒಂದು ಗ್ಯಾಲನ್ ಪೆಟ್ರೋಲಿನಲ್ಲಿ 33.7 ಕಿಲೋವ್ಯಾಟ್-ಗಂಟೆಯಷ್ಟು ಶಕ್ತಿ ಇದೆ. ಹಾಗಾದರೆ ಆ ಭಾರೀ ಬ್ಯಾಟರಿಯಲ್ಲಿರುವುದು 15 ಲೀಟರ್ ಪೆಟ್ರೋಲಿನಷ್ಟೇ ಶಕ್ತಿ, ಎಂದರೆ ಆ ಲೋಹದ ಕ್ಯಾನಿನ ಮುಕ್ಕಾಲು ಪಾಲು. ಪೆಟ್ರೋಲ್ ಎಂಜಿನ್ ತನ್ನ ಇಂಧನದ ಬಹುಪಾಲನ್ನು ಶಾಖವಾಗಿ ಊದಿಬಿಡುತ್ತದೆ, ವಿದ್ಯುತ್ ಮೋಟಾರು ಹಾಗೆ ಮಾಡುವುದಿಲ್ಲವಾದ್ದರಿಂದ ಅಷ್ಟರಲ್ಲಿಯೇ ಅಷ್ಟು ದೂರ ಸಾಧ್ಯವಾಗಿದೆ. ಟ್ರೇಲರ್ ಹೂಡಿದರೆ ಇಲ್ಲಿಯೂ ದೂರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಗಾಳಿಗೆ ಪೆಟ್ರೋಲೂ ಒಂದೇ, ವಿದ್ಯುತ್ತೂ ಒಂದೇ. ಬ್ಯಾಟರಿ ಶೇಕಡ 80 ದಾಟಿದ ಮೇಲೆ ವೇಗದ ಚಾರ್ಜಿಂಗ್ ತೀರ ನಿಧಾನವಾಗುವುದರಿಂದ ಅಲ್ಲಿಗೇ ನಿಲ್ಲಿಸಿ ಹೊರಡಿ, ಶೇಕಡ 10ಕ್ಕೆ ಇಳಿಯುವ ಮೊದಲೇ ಮತ್ತೆ ಚಾರ್ಜ್ ಮಾಡಿ ಎಂಬುದು ದೂರದ ಪ್ರಯಾಣಿಕರಿಗೆ ಸಿಗುವ ಸಲಹೆ. ಕೆಂಪು ದೀಪ ಹೊತ್ತಿದ ಮೇಲೂ ಬಂಕ್ ದಾಟುತ್ತಿದ್ದ ಧೈರ್ಯಸ್ಥರಿಗೆ ಇದು ಹೊಸ ಪಾಠ. ಕ್ಯಾನು ಹಿಡಿದು ನಡೆದುಹೋಗಿ ತಂದು ಸುರಿಯುವ ದಾರಿಯೂ ಅವರಿಗೆ ಇಲ್ಲಿ ಉಳಿದಿಲ್ಲ. ಅರ್ಧ ಟ್ಯಾಂಕಿನವರು ಮಾತ್ರ ಮೊದಲ ದಿನವೇ ಅಭ್ಯಾಸವಾದವರಂತೆ, ಶೇಕಡ 50 ಕಂಡ ಕೂಡಲೇ ಚಾರ್ಜರಿನ ಕಡೆಗೆ ತಿರುಗುತ್ತಿದ್ದಾರೆ.