ಐದೂವರೆ ಗಂಟೆ ಎಲ್ಲಿ ಹೋಯ್ತು?

ನಿನ್ನೆ ರಾತ್ರಿ 9 ಗಂಟೆ. ಪುಣೆಯ ಕೋಥ್ರೂಡ್‌ನ ನಮ್ಮ ಮನೆ. ನನ್ನ ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ. ಲಿನಕ್ಸ್ ಮುಚ್ಚಿ ವಿಂಡೋಸ್‌ಗೆ ಬಂದರೆ ಗಡಿಯಾರದಲ್ಲಿ ಮಧ್ಯಾಹ್ನ 3:30! ಮದರ್‌ಬೋರ್ಡಿನ ಅದೇ ಗಡಿಯಾರವನ್ನು ಲಿನಕ್ಸ್ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತ ಓದುತ್ತದೆ, ವಿಂಡೋಸ್ ಊರಿನ ಸಮಯ ಅಂತ. ವಿಂಡೋಸ್‌ನಲ್ಲಿ ತಿದ್ದಿದ ಫೈಲನ್ನು ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿದರೆ, ಅಂದರೆ ಕೋಡಿನಿಂದ ಪ್ರೋಗ್ರಾಂ ಕಟ್ಟಿಸಿದರೆ, ಹಳೆಯದು ಅಂದುಕೊಂಡು ಆ ಕೆಲಸ ಮಾಡುವ ಮೇಕ್ ಅನ್ನೋ ಪ್ರೋಗ್ರಾಂ ಅದನ್ನು ಮುಟ್ಟುವುದೇ ಇಲ್ಲ. ತಪ್ಪು ನನ್ನ ಕೋಡಿನಲ್ಲೇ ಇದೆ ಅಂತ ಎರಡು ಗಂಟೆ ಹುಡುಕಿದೆ. ಸುಮ್ನೆ!

ಸಾಲು ಮುಗಿಸುವುದಕ್ಕೂ ಜಗಳವೇ. ವಿಂಡೋಸ್‌ನಲ್ಲಿ ಎರಡು ಅಕ್ಷರ, ಲಿನಕ್ಸ್‌ನಲ್ಲಿ ಒಂದು. ಒಂದು ಪದ ತಿದ್ದಿದೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್ 400 ಸಾಲು ಬದಲಾಗಿದೆ ಅಂತು. ಲಿನಕ್ಸ್‌ಗೆ ಆಜ್ಞೆಗಳನ್ನು ಬರೆದಿಟ್ಟ ಫೈಲಾದ ಶೆಲ್ ಸ್ಕ್ರಿಪ್ಟಿನ ಮೊದಲ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಆ ಹೆಚ್ಚಿನ ಅಕ್ಷರ ಅಂಟಿಕೊಂಡರೆ ಅದು ಓಡುವುದೇ ಇಲ್ಲ. ಕಾಣದ್ದನ್ನು ಹುಡುಕೋದು ಹೇಗೆ?

ಅಡುಗೆಮನೆಯಿಂದ ಅಮ್ಮ ಮೂರನೇ ಸಲ ಕರೆದರು, "ಊಟ ಆರ್ತಿದೆ, ಬಾರೋ." ಮತ್ತೆ ರೀಸ್ಟಾರ್ಟ್ ಒತ್ತಿದೆ.