ಕರಿ ಬಿಯರು, ಜೋನಿ ಬೆಲ್ಲ

ಬಿಯರ್ ಬಾಟಲಿಯ ಮೂತಿಯನ್ನು ಮೇಣದಲ್ಲಿ ಅದ್ದಬೇಕು ಅಂತ ಮೊದಲು ಯಾರಿಗೆ ಹೊಳೆಯಿತೋ, ಅವರನ್ನು ಒಮ್ಮೆ ಮನೆಗೆ ಕರೆಯಬೇಕು. ಬೈಯುವುದಕ್ಕಲ್ಲ. ಕೈಗೆ ಒಂದು ಬಾಟಲಿ ಕೊಟ್ಟು, ಎದುರಿಗೆ ಗ್ಲಾಸು ಹಿಡಿದ ನಾಲ್ಕು ಜನರನ್ನು ಕೂರಿಸಿ, "ತೆಗೀರಿ ಸ್ವಾಮಿ, ನೋಡೋಣ" ಅನ್ನುವುದಕ್ಕೆ.

ಈಚೆಗೆ ಒಂದು ಶನಿವಾರ ನಮ್ಮ ಮನೆಯಲ್ಲಿ ಆದದ್ದು ಅದೇ. ತರಕಾರಿ ಹೆಚ್ಚುವ ಚಾಕು ಬಂತು, ಸ್ಕ್ರೂಡ್ರೈವರ್ ಬಂತು, ಪಾತ್ರೆಯಲ್ಲಿ ಬಿಸಿನೀರು ಬಂತು. ಕೊನೆಗೆ ದೇವರ ಗೂಡಿನಿಂದ ಬೆಂಕಿಪೊಟ್ಟಣವೂ ಬಂತು. ಆಗ ನನ್ನ ಹೆಂಡತಿಯ ಮುಖ ಹೇಗಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಮೇಣದ ಚೂರು ಮೊಸರನ್ನದ ಪಾತ್ರೆಯವರೆಗೂ ಹಾರಿತ್ತು. ಇಷ್ಟೆಲ್ಲ ಆದ ಮೇಲೆ ಒಳಗೆ ಸಿಗುವುದು ಏನು? ಎಲ್ಲ ಬಿಯರಿಗೂ ಇರುವ ಅದೇ ತಗಡಿನ ಮುಚ್ಚಳ. ಗಾಳಿ ತಡೆಯುವ ಕೆಲಸ ಮಾಡುವುದು ಅದು. ಮೇಣ ಸುಮ್ನೆ ಶೋಕಿಗೆ. ಮೇಕರ್ಸ್ ಮಾರ್ಕ್ ಎಂಬ ವಿಸ್ಕಿಗೆ 1950ರ ದಶಕದಿಂದ ಕೆಂಪು ಮೇಣ ಹಚ್ಚುತ್ತಾರೆ. ಅದನ್ನು ನೋಡಿ ಇವರಿಗೂ ಆಸೆ ಹುಟ್ಟಿರಬೇಕು. ಆದರೆ ಆ ವಿಸ್ಕಿಯ ಮೇಣದೊಳಗೆ ಎಳೆದು ಕೀಳಲು ಒಂದು ಪಟ್ಟಿ ಇಟ್ಟಿರುತ್ತಾರೆ. ಅಷ್ಟು ಕನಿಕರ ಈ ಬಿಯರಿನವರಿಗೆ ಇಲ್ಲ.

ಇಷ್ಟಾದರೂ ಒಬ್ಬರೂ ಎದ್ದು ಹೋಗಲಿಲ್ಲ. ಯಾಕೆಂದರೆ ಒಳಗಿದ್ದದ್ದು ಡಾರ್ಕ್ ಲಾರ್ಡ್ ಎಂಬ, ಸುಲಭಕ್ಕೆ ಕೈಗೆ ಸಿಗದ ಕರಿ ಬಿಯರು.

ಇಂಥ ಬಾಟಲಿಗಳ ಹಿಂದೆ ಬೀಳುವ ಜನರ ಬಗ್ಗೆ ನನ್ನದೊಂದು ಸಿದ್ಧಾಂತ ಇದೆ. ಅದನ್ನು ಹೇಳೋಣ ಅಂತಲೇ ಬರೆಯಲು ಕೂತದ್ದು. ಮೊದಲು ಸ್ವಲ್ಪ ಹಿನ್ನೆಲೆ ಕೊಟ್ಟುಬಿಡುತ್ತೇನೆ.

ನಾನು ಇರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಸ್ಟೌಟಿನ, ಅಂದರೆ ಇಂಥ ಕರಿ ಬಿಯರಿನ, ಹುಚ್ಚಿದ್ದವರಿಗೆ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಶಿಕಾಗೋ ಒಳಗೇ ಗೂಸ್ ಐಲ್ಯಾಂಡ್ ಎಂಬ ಬಿಯರ್ ಕಾರ್ಖಾನೆ. ರಾಜ್ಯದ ಗಡಿ ದಾಟಿದ ಕೂಡಲೇ ಇಂಡಿಯಾನಾದ ಮನ್‌ಸ್ಟರ್‌ನಲ್ಲಿ ಥ್ರೀ ಫ್ಲಾಯ್ಡ್ಸ್, ಡಾರ್ಕ್ ಲಾರ್ಡ್ ಮಾಡುವವರು. ಸರೋವರದ ಆಚೆ ದಡಕ್ಕೆ ಹೋದರೆ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಫೌಂಡರ್ಸ್. ಅವರು ಹಳೆಯ ಜಿಪ್ಸಮ್ ಗಣಿಯೊಳಗೆ ಪೀಪಾಯಿಗಳನ್ನಿಟ್ಟು ಕೆಬಿಎಸ್ ಎಂಬ ಸ್ಟೌಟ್ ಮಾಗಿಸುತ್ತಾರೆ. ಅದು ವರ್ಷಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲಿ ಜನ ಅದರ ಸಲುವಾಗಿ ರಜೆ ಹಾಕುತ್ತಿದ್ದರು. ಈಗ ವರ್ಷವಿಡೀ ಸಿಗುತ್ತದೆ. ಸಿಗುತ್ತದೆ ಅಂತ ಗೊತ್ತಾದ ದಿನದಿಂದ ಯಾರಿಗೂ ಬೇಡ. ರುಚಿ ನನ್ನ ನಾಲಿಗೆಗೆ ಒಂದಿಷ್ಟೂ ಕಮ್ಮಿಯಾದಂತಿಲ್ಲ. ಒಂದು ಕೂಟಕ್ಕೆ ತೆಗೆದುಕೊಂಡು ಹೋಗಿದ್ದೆ. ಮನೆಯ ಯಜಮಾನ ಅದನ್ನು ಮಕ್ಕಳ ಜ್ಯೂಸಿನ ಪಕ್ಕ ಇಟ್ಟ.

ಗೂಸ್ ಐಲ್ಯಾಂಡಿನ ಕಥೆ ಬೇರೆ. 1990ರ ದಶಕದಲ್ಲಿ ಅಲ್ಲಿಯ ಗ್ರೆಗ್ ಹಾಲ್ ಒಂದು ಭೋಜನಕೂಟದಲ್ಲಿ ಜಿಮ್ ಬೀಮ್ ವಿಸ್ಕಿ ಮನೆತನದ ಬೂಕರ್ ನೋ ಪಕ್ಕ ಕೂತರು. ಮಾತಿಗೆ ಮಾತು ಬೆಳೆದು ಆರು ಖಾಲಿ ವಿಸ್ಕಿ ಪೀಪಾಯಿ ಸಿಕ್ಕವು. ಅದರಲ್ಲಿ ಸ್ಟೌಟ್ ತುಂಬಿಟ್ಟರು. ಅದೇ ಬರ್ಬನ್ ಕೌಂಟಿ ಎಂಬ ಬಿಯರು. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ವಿಸ್ಕಿಯನ್ನು ಸುಟ್ಟ ಓಕ್ ಮರದ ಹೊಸ ಪೀಪಾಯಿಯಲ್ಲೇ ಇಡಬೇಕು ಅಂತ ಅಮೆರಿಕದ ಕಾನೂನು. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿ ವಿಸ್ಕಿಯವರಿಗೆ ಹೊರೆ. ಆ ಹೊರೆ ಹೊರಲು ಈಗ ಊರಿಗೊಬ್ಬ ಬಿಯರಿನವನು ಸಿದ್ಧ.

2011ರಲ್ಲಿ ಗೂಸ್ ಐಲ್ಯಾಂಡನ್ನು ಬಡ್‌ವೈಸರ್ ಕಂಪನಿಯವರು ಕೊಂಡರು. 38.8 ಮಿಲಿಯನ್ ಡಾಲರ್. "ಇನ್ನು ಇದನ್ನು ಮುಟ್ಟುವುದಿಲ್ಲ" ಅಂತ ಎಷ್ಟೋ ಜನ ಆಣೆ ಮಾಡಿದರು. 2015ರ ಬಾಟಲಿಗಳಲ್ಲಿ ಕೆಲವು ಹುಳಿ ಬಂದು, ಕಂಪನಿ ದುಡ್ಡು ವಾಪಸ್ ಕೊಟ್ಟು, ಮುಂದಿನ ವರ್ಷದಿಂದ ಪಾಶ್ಚರೀಕರಣ ಶುರುಮಾಡಿತು. ಆಗ ಇನ್ನಷ್ಟು ಜನ ಆಣೆ ಮಾಡಿದರು. ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ, ಬರ್ಬನ್ ಕೌಂಟಿ ಮಾರಾಟಕ್ಕೆ ಬರುವ ದಿನ, ಕಿವಿ ಬಿದ್ದುಹೋಗುವ ಚಳಿಯಲ್ಲಿ, ಕತ್ತಲಿರುವಾಗಲೇ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತವರನ್ನು ಹೋಗಿ ನೋಡಿ. ಆಣೆ ಮಾಡಿದವರೆಲ್ಲ ಅಲ್ಲೇ ಸಿಗುತ್ತಾರೆ.

ಸಾಲಿನ ಬಗ್ಗೆ ನನ್ನ ತಕರಾರಿಲ್ಲ. ಸಾಲಿನಲ್ಲಿ ನ್ಯಾಯ ಇದೆ, ಮೊದಲು ಬಂದವನಿಗೆ ಮೊದಲು. ನನ್ನ ತಕರಾರು ಅಂಗಡಿಯ ಹಿಂದಿನ ಕೋಣೆಯ ಬಗ್ಗೆ. ಕಪಾಟಿನಲ್ಲಿ ಇಲ್ಲದ ಬಾಟಲಿ ಆ ಕೋಣೆಯಲ್ಲಿ ಇರುತ್ತದೆ. ಕೇಳಬೇಕು. ಕೇಳಲು ಬರಬೇಕು. ಹೆಸರು ಹೇಳಿ ನೇರವಾಗಿ ಕೇಳಿದರೆ "ಖಾಲಿಯಾಯ್ತು" ಅನ್ನುತ್ತಾರೆ. ಮೊದಲು ಹವೆ, ಆಮೇಲೆ ಫುಟ್ಬಾಲ್, ಆಮೇಲೆ "ಈ ವಾರ ಏನಾದರೂ ಬಂತಾ?" ಅಂತ ಎಲ್ಲೋ ನೋಡುತ್ತಾ ಕೇಳಬೇಕು. ಒಂದು ಅಂಗಡಿಯಲ್ಲಿ ನಾನು ಇಷ್ಟೆಲ್ಲ ಶಾಸ್ತ್ರ ಮುಗಿಸಿದ ಮೇಲೆ ಆ ಹುಡುಗ ನನ್ನ ಮುಖ ನೋಡಿ, ಬಹಳ ವಿನಯದಿಂದ, "ಕಿಂಗ್‌ಫಿಶರ್ ಆ ಕೊನೆಯಲ್ಲಿದೆ ಸರ್" ಅಂದ. ಇನ್ನೊಂದು ಅಂಗಡಿಯಲ್ಲಿ ಲಾಟರಿ. ಲಾಟರಿಗೆ ಹೆಸರು ಕೊಡಬೇಕಾದರೆ ವರ್ಷದಲ್ಲಿ ಇಂತಿಷ್ಟು ಡಾಲರ್ ಖರೀದಿ ಮಾಡಿರಬೇಕು. ಗೆದ್ದರೆ ಬಾಟಲಿಯನ್ನು ಪುಕ್ಕಟೆ ಕೊಡುತ್ತಾರಾ? ಇಲ್ಲ. ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಹಕ್ಕು ಮಾತ್ರ ಬರುತ್ತದೆ. ಇದಕ್ಕೆ ಏನು ಹೇಳೋಣ?

ಇನ್ನು ಕುಡಿಯುವ ಶಾಸ್ತ್ರ. ಇಡೀ ಬಾಟಲಿಗೆ ನಾಲ್ಕೈದು ಜನ. ತಲಾ ಎರಡು ಗುಟುಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು, ತಣ್ಣಗಿದ್ದರೆ ವಾಸನೆ ಬಿಡುವುದಿಲ್ಲ. ಇದು ನಿಜ, ಒಪ್ಪುತ್ತೇನೆ. ಆದರೆ ನಮ್ಮ ಆಫೀಸಿನ ಒಬ್ಬ ಸಹೋದ್ಯೋಗಿ ಇದ್ದಾನೆ. ಗ್ಲಾಸಿನೊಳಗೆ ಮೂಗಿಟ್ಟು, ಕಣ್ಣು ಮುಚ್ಚಿ, "ತಂಬಾಕು... ಚರ್ಮ... ಒಣಗಿದ ಅಂಜೂರ..." ಅಂತ ಒಂದೊಂದಾಗಿ ಇಳಿಸುತ್ತಾನೆ. ಚರ್ಮದ ವಾಸನೆ ಬರುವ ಪಾನೀಯವನ್ನು ದುಡ್ಡು ಕೊಟ್ಟು ಯಾಕೆ ಕುಡಿಯಬೇಕು ಅಂತ ಕೇಳಿದರೆ ಅವನಿಗೆ ಬೇಜಾರು. ನನಗೆ ಬಂದ ವಾಸನೆ ಒಂದೇ. ಡಾರ್ಕ್ ಲಾರ್ಡ್ ಅಂದರೆ ನೇರವಾಗಿ ಜೋನಿ ಬೆಲ್ಲ. ಬಗ್ಗಿಸುವಾಗಲೂ ಹಾಗೇ, ಬಾಟಲಿಯಿಂದ ಬೀಳಲೋ ಬೇಡವೋ ಅನ್ನುತ್ತಾ ದಪ್ಪಗೆ, ಕರ್ರಗೆ ಇಳಿಯುತ್ತದೆ.

ಇದು ಸುಮ್ನೆ ಊರಿನ ನೆನಪಲ್ಲ. ಬ್ರೂವರಿಯವರೇ ಹೇಳಿದ್ದಾರೆ. ಡಾರ್ಕ್ ಲಾರ್ಡ್‌ಗೆ ಹಾಕುವುದು ಕಾಫಿ, ಮೆಕ್ಸಿಕೋದ ವೆನಿಲಾ, ಮತ್ತು ಇಂಡಿಯನ್ ಶುಗರ್. ಇಂಡಿಯನ್ ಶುಗರ್! ವರ್ಷಕ್ಕೆ ಒಂದೇ ದಿನ, ಟಿಕೆಟ್ ಇದ್ದವರಿಗೆ ಮಾತ್ರ, ಹೆವಿ ಮೆಟಲ್ ಬ್ಯಾಂಡಿನ ಗಲಾಟೆಯ ನಡುವೆ ಮಾರುತ್ತಾ ಹೆಸರು ಮಾಡಿದ ಬಿಯರು. ಶೇಕಡಾ 15 ಆಲ್ಕೋಹಾಲು. ಅದರೊಳಗೆ ನಮ್ಮ ದೇಶದ ಸಕ್ಕರೆ. ಯಾವ ಸಕ್ಕರೆ, ಯಾವ ಊರಿನದು, ಏನೂ ಹೇಳುವುದಿಲ್ಲ. ವೆನಿಲಾಕ್ಕೆ ಮೆಕ್ಸಿಕೋ ಅಂತ ವಿಳಾಸ ಕೊಟ್ಟ ಹಾಗೆ ನಮಗೂ ದೇಶದ ವಿಳಾಸ ಕೊಟ್ಟು ಮುಗಿಸಿದ್ದಾರೆ. ಇಂಡಿಯಾ ಅಂದರೆ ಒಂದು ಊರಾ?

ಬಿಳಿ ಸಕ್ಕರೆಯಂತೂ ಆಗಿರಲಿಕ್ಕಿಲ್ಲ. ಬಿಳಿ ಸಕ್ಕರೆಯನ್ನು ಇಂಡಿಯಾದಿಂದ ತರಿಸುವ ಅಗತ್ಯ ಇಂಡಿಯಾನಾದವರಿಗೆ ಏನಿದೆ? ಬೆಲ್ಲವೇ ಇರಬೇಕು ಅಂತ ನನ್ನ ಲೆಕ್ಕ. ಬೆಲ್ಲ ಅಂದಮೇಲೆ ಯಾವುದು? ನಾನು ಸಾಗರದ ಕಡೆಯವನು. ನಮ್ಮಲ್ಲಿ ಬೆಲ್ಲ ಅಂದರೆ ಡಬ್ಬದಲ್ಲಿ ಇರುವಂಥದ್ದು, ಸೌಟಿನಲ್ಲಿ ತೆಗೆಯುವಂಥದ್ದು. ಸಂಕ್ರಾಂತಿ ಹೊತ್ತಿಗೆ ಆಲೆಮನೆ ಶುರು. ಹಿಂದೆ ಗಾಣಕ್ಕೆ ಕೋಣ ಕಟ್ಟುತ್ತಿದ್ದರು, ಈಗ ಇಂಜಿನ್ನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಹಾಕುತ್ತಾರೆ. ಗಟ್ಟಿ ಬೆಲ್ಲದ ಹದಕ್ಕೆ ಸ್ವಲ್ಪ ಮುಂಚೆ ಇಳಿಸಿದರೆ ಜೋನಿ. ಆ ಹದ ನೋಡುವುದಕ್ಕೆ ಒಬ್ಬರು ಇರುತ್ತಾರೆ. ಅವರು ಯಾರ ಮಾತನ್ನೂ ಕೇಳುವುದಿಲ್ಲ. ಬಂದವರಿಗೆಲ್ಲ ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಹಾಲು ಕುಡಿದಷ್ಟೂ ಖಾರ ಬೇಕು, ಖಾರ ತಿಂದಷ್ಟೂ ಹಾಲು ಬೇಕು. ಪಕ್ಕದಲ್ಲಿ ಯಾರೋ ಮಡಕೆ ಬೋರಲು ಹಾಕಿ ತೊಡೆದೇವು ಮಾಡುತ್ತಿರುತ್ತಾರೆ. ಇಲ್ಲಿ ಯಾರಿಗೂ ಟಿಕೆಟ್ ಇಲ್ಲ, ಹಿಂದಿನ ಕೋಣೆ ಇಲ್ಲ. ಎಷ್ಟು ಬೇಕಾದರೂ ಕುಡಿ, ಹೊಟ್ಟೆ ಕೆಟ್ಟರೆ ನಿನ್ನ ಪಾಡು.

ಇದನ್ನೆಲ್ಲ ಆ ಸಂಜೆ ಹೇಳಿದ್ದಕ್ಕೆ ಮಂಡ್ಯದ ಗೆಳೆಯನಿಗೆ ಸಿಟ್ಟು ಬಂತು.

"ಜೋನಿ ಒಂದು ಬೆಲ್ಲವೇನಯ್ಯ? ಅದು ಪಾಕ. ಬೆಲ್ಲ ಅಂದ್ರೆ ಮಂಡ್ಯದ ಅಚ್ಚು ಬೆಲ್ಲ ಕಣಯ್ಯ."

"ನಿಮ್ಮದಕ್ಕೆ ಬೆಳ್ಳಗಾಗಲಿ ಅಂತ ಔಷಧಿ ಹಾಕ್ತಾರೆ ಮಾರಾಯ. ಅದನ್ನು ಹಾಕಿದ್ದರೆ ಬಿಯರು ಇಷ್ಟು ಕರ್ರಗಾಗ್ತಿತ್ತಾ?"

ಬಿಯರು ಕರ್ರಗಾಗುವುದು ಹುರಿದ ಬಾರ್ಲಿಯಿಂದ, ಬೆಲ್ಲದಿಂದಲ್ಲ ಅಂತ ಸಹೋದ್ಯೋಗಿ ಹೇಳಲು ನೋಡಿದ. ಅಷ್ಟೇ ಅಲ್ಲ, ಯಾವ ಸಕ್ಕರೆ ಹಾಕಿದರೂ ಅದರ ಬಹುಪಾಲನ್ನು ಯೀಸ್ಟ್ ತಿಂದು ಆಲ್ಕೋಹಾಲು ಮಾಡುತ್ತದೆ, ಈ ಸಿಹಿ ಉಳಿದಿರುವುದು ಮಾಲ್ಟಿನದ್ದು, ಅಂದರೆ ಮೊಳಕೆ ಬರಿಸಿದ ಬಾರ್ಲಿಯದ್ದು, ಅಂತಲೂ ಅಂದ. ಅವನು ಹೇಳಿದ್ದೆಲ್ಲ ಸರಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮರುದಿನವೇ ಅಮ್ಮನಿಗೆ ಫೋನ್ ಮಾಡಿದೆ. ಪರಿಚಯದವರು ಯಾರೋ ಇತ್ತ ಬರುವವರಿದ್ದರು.

"ಜೋನಿ ಬೆಲ್ಲವಾ? ಎಂತಕ್ಕೆ?"

"ದೋಸೆಗೆ."

"ಒಂದು ಡಬ್ಬ ಕಳಿಸ್ತೇನೆ. ಅಲ್ಲಿ ದೋಸೆ ಮಾಡ್ತೀರಿ ಅಂತ ಕೇಳಿ ಖುಷಿಯಾಯ್ತು."

ಆ ಪುಣ್ಯಾತ್ಮರು ಡಬ್ಬಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ತಂದರು. ಆದರೂ ಅವರ ಒಂದು ರೇಷ್ಮೆ ಪಂಚೆ ಬೆಲ್ಲದಲ್ಲಿ ಮಿಂದಿತ್ತು. ಪಂಚೆಯ ಬಗ್ಗೆ ಒಂದು ಮಾತೂ ಆಡದೆ ಕಾಫಿ ಕುಡಿದು ಹೋದರು. ಅಂಥವರೂ ಇರುತ್ತಾರೆ.

ಬಾಟಲಿ ಎಷ್ಟು ದಿನ ಇಡಬೇಕು ಅನ್ನುವುದು ಇನ್ನೊಂದು ಜಗಳ. ಆಲ್ಕೋಹಾಲಿನ ಉರಿ ವರ್ಷ ಕಳೆದಂತೆ ಇಳಿಯುತ್ತದೆ ಅನ್ನುತ್ತಾರೆ, ಇಳಿಯುತ್ತದೆ ಕೂಡ. ಆದರೆ ಕಾಫಿ ಹಾಕಿದ್ದರೆ ಅದರ ಘಮ ಅದಕ್ಕೂ ಮೊದಲೇ ಹೋಗಿರುತ್ತದೆ. ಇನ್ನೂ ಇಟ್ಟರೆ ಸೋಯಾ ಸಾಸ್. ಆದರೂ ನೆಲಮಾಳಿಗೆಯ ತುಂಬ ಬಾಟಲಿ ಪೇರಿಸಿಕೊಂಡು, ಇಸವಿ ಬರೆದ ಚೀಟಿ ಅಂಟಿಸಿ, ಒಂದನ್ನೂ ತೆಗೆಯದೆ ಇರುವವರು ನನಗೆ ಗೊತ್ತು. ಅವರ ಮನೆಗೆ ಹೋದರೆ ಬಾಟಲಿ ತೋರಿಸುತ್ತಾರೆ. ಕೊಡುವುದು ಚಹಾ. ನನ್ನ ಸಿದ್ಧಾಂತ ಇವರಿಗೇ ಸಂಬಂಧಿಸಿದ್ದು. ಬರುತ್ತೇನೆ ಅದಕ್ಕೆ.

ಡಬ್ಬ ಬಂದ ವಾರ ಎಲ್ಲರೂ ಮತ್ತೆ ಸೇರಿದೆವು. ಡಾರ್ಕ್ ಲಾರ್ಡ್ ಮುಗಿದಿತ್ತು. ಮತ್ತೆ ಸಿಗುವ ಮಾತೇ ಇಲ್ಲ. ಹಾಗಾಗಿ ಎಲ್ಲ ಕಡೆ, ಎಲ್ಲ ದಿನ, ಯಾರಿಗೂ ಹಲ್ಲು ಗಿಂಜದೆ ಸಿಗುವ ಗಿನ್ನೆಸ್ ಎಕ್ಸ್‌ಟ್ರಾ ಸ್ಟೌಟ್ ತಂದೆ. ಮೇಣ ಇಲ್ಲ. ಮುಚ್ಚಳ ಟಕ್ ಅಂತ ಬಂತು. ಒಂದರಲ್ಲಿ ಜೋನಿ, ಒಂದರಲ್ಲಿ ಅಚ್ಚು. ಯಾವುದು ಡಾರ್ಕ್ ಲಾರ್ಡಿಗೆ ಹತ್ತಿರ ಅಂತ ಸಹೋದ್ಯೋಗಿ ಕಣ್ಣು ಮುಚ್ಚಿ ಹೇಳಬೇಕು.

ನನ್ನ ಜೋನಿ ಸೀದಾ ಗ್ಲಾಸಿನ ತಳಕ್ಕೆ ಹೋಗಿ ಕೂತಿತು. ಎಷ್ಟು ಕಲಕಿದರೂ ಮೇಲೆ ಬಿಯರು, ಕೆಳಗೆ ಬೆಲ್ಲ. ಮಂಡ್ಯದವನು ಇದನ್ನು ನೋಡಿ ನಕ್ಕು, ತನ್ನ ಅಚ್ಚು ಬೆಲ್ಲವನ್ನು ಒರಳಲ್ಲಿ ಕುಟ್ಟಿ, ಪುಡಿಯನ್ನು ಗ್ಲಾಸಿಗೆ ಬೇಡ ಅಂತ ನೇರ ಬಾಟಲಿಗೇ ಸುರಿದ. ಬಿಯರಿನಲ್ಲಿ ಕರಗಿರುವ ಗಾಳಿಗೆ ಹೊರಗೆ ಬರಲು ಒಂದು ತರಿ ಸಿಕ್ಕರೆ ಸಾಕು. ಇಲ್ಲಿ ಸಿಕ್ಕದ್ದು ಮುಷ್ಟಿ ತುಂಬ. ನೊರೆ ಬಾಟಲಿಯಿಂದ ಮೇಲೆದ್ದು, ಅವನ ಅಂಗಿ, ನಮ್ಮ ಮೇಜುಬಟ್ಟೆ, ಸಹೋದ್ಯೋಗಿಯ ಮುಚ್ಚಿದ ಕಣ್ಣು, ಎಲ್ಲವನ್ನೂ ನೋಡಿಕೊಂಡು ಇಳಿಯಿತು.

"ಆಲೆಮನೇಲಿ ಹಿಂಗೇ ಉಕ್ತದೆ ಅಲ್ವಾ?" ಅಂದ ಮಂಡ್ಯದವನು, ಸೋಲು ಒಪ್ಪದೆ.

ಮೂಲೆಯಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತು ಚಕ್ಕುಲಿ ತಿನ್ನುತ್ತಿದ್ದ ಹುಬ್ಬಳ್ಳಿಯ ಗೆಳೆಯ ಆಗ ಬಾಯಿಬಿಟ್ಟ. "ಅವು ಎರಡೂ ಅಲ್ರೀ. ಮಹಾಲಿಂಗಪುರದ ಪೆಂಟಿ ಬೆಲ್ಲ ಹಾಕಿ ನೋಡ್ರಿ ಒಮ್ಮೆ." ಏಪ್ರಿಲ್‌ನಲ್ಲಿ ಅವನ ಅತ್ತೆ ಮಾವ ಬರುತ್ತಾರಂತೆ. ಪೆಂಟಿ ಅಂದರೆ ಬೆಲ್ಲದ ದೊಡ್ಡ ಮುದ್ದೆ, ಕಿಲೋಗಟ್ಟಲೆ ತೂಕ. ಅದಕ್ಕೆ ಜಾಗ ಮಾಡಲು ಅವರ ಲಗೇಜಿನಿಂದ ಹಪ್ಪಳ ತೆಗೆಸಬೇಕೋ ಚಟ್ನಿಪುಡಿ ತೆಗೆಸಬೇಕೋ ಅಂತ ವಾಟ್ಸಾಪಿನಲ್ಲಿ ಚರ್ಚೆ ನಡೆಯುತ್ತಿದೆ. ಚಟ್ನಿಪುಡಿ ಮುಟ್ಟಿದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ ಅಂತ ನನ್ನ ಹೆಂಡತಿ ಬರೆದಿದ್ದಾಳೆ.